ಮೌನದ ಬಾಗಿಲು



ಸಾಗರದಿಂದ ತುಮರಿ, ಸಿಗಂದೂರಿನ ಕಡೆಗೆ ಹಿಂದೆ ಹೋಗಿದ್ದರೆ ಹೊಳೆಬಾಗಿಲಿನ ದಡ ನಿಮಗೆ ನೆನಪಿರುತ್ತದೆ. ಲಾಂಚ್ ಆಚೆ ದಡದಲ್ಲಿದ್ದರೆ ಕಾಯದೆ ಬೇರೆ ದಾರಿಯಿರಲಿಲ್ಲ. ಅವಸರದಲ್ಲಿ ಬಂದವರೂ ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸಿ ನೀರು ನೋಡುತ್ತಾ ಕೂರುತ್ತಿದ್ದರು. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡ ಸೇರಬಹುದು.

ಆ ಮೌನ ಹೋಯಿತಲ್ಲ ಎಂದು ಮರುಗುವವರಿದ್ದಾರೆ. ಆದರೆ ಹಾಗೆನ್ನುವ ಮುನ್ನ ನಾವು ಯೋಚಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟಗಳು ಮುಳುಗಿದವು. ನಾಡಿಗೆ ಬೆಳಕು ಬಂತು; ಆಚೆ ದಡದ ಜನ ಮಾತ್ರ ಸೇತುವೆಗಾಗಿ ಆರು ದಶಕ ಕಾದರು. ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಹೆರಿಗೆ ನೋವು ಬಂದವಳಿಗೆ, ಎದೆನೋವಿನಿಂದ ನರಳುವವನಿಗೆ ಆ ದಡದ ಮೌನ ಶಾಂತಿಯಲ್ಲ, ದಿಗಿಲು. ಇನ್ನೊಬ್ಬರ ಸಂಕಟವನ್ನು ನಮ್ಮ ಧ್ಯಾನಕ್ಕೆ ಚೆಂದದ ನೋಟ ಮಾಡಿಕೊಳ್ಳುವುದು ಭಕ್ತಿಯಲ್ಲ.

ಹಾಗಾದರೆ ದೇವರು ಸಿಗುವುದು ಯಾವ ಮೌನದಲ್ಲಿ?

ಪ್ರವಾದಿ ಎಲೀಯ ಪ್ರಾಣಭಯದಿಂದ ಓಡಿದವನು, ಸಾವನ್ನೇ ಬೇಡಿದವನು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಯಾವುದರಲ್ಲೂ ಕಾಣದ ದೇವರು ಕೊನೆಗೆ ಮೆಲುದನಿಯಲ್ಲಿ ಬಂದರು. ಇಲ್ಲೇಕೆ ಬಂದೆ ಎಂದು ವಿಚಾರಿಸಿ, ಬಿಟ್ಟುಬಂದ ಕೆಲಸಕ್ಕೇ ಅವನನ್ನು ಹಿಂದಕ್ಕೆ ಕಳುಹಿಸಿದರು. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೂ ಇದನ್ನೇ ಕಾಣುತ್ತೇವೆ. ಪ್ರಭು ಯೇಸು ನಸುಕಿನಲ್ಲೇ ಎದ್ದು ನಿರ್ಜನ ಸ್ಥಳದಲ್ಲಿ ಪ್ರಾರ್ಥಿಸಿದರು. ಅಲ್ಲಿಂದ ಊರೂರಿಗೆ ನಡೆದರು. ಯಾರೂ ಮುಟ್ಟದ ಕುಷ್ಠರೋಗಿಯನ್ನು ಮುಟ್ಟಿದರು. ನಿಜವಾದ ಮೌನ ನಮ್ಮನ್ನು ಜನರಿಂದ ದೂರ ಒಯ್ಯುವುದಿಲ್ಲ, ಅವರ ಬಳಿಗೇ ಕಳುಹಿಸುತ್ತದೆ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಸಂಜೆ ಜಪಸರ ಹೇಳುತ್ತೇವೆ, ಬೇಡಿಕೆಗಳನ್ನೆಲ್ಲ ಒಪ್ಪಿಸುತ್ತೇವೆ, ಕೂಡಲೇ ಎದ್ದು ಟಿ.ವಿ. ಅಥವಾ ಮೊಬೈಲ್ ಹಿಡಿಯುತ್ತೇವೆ. ಹಾಸಿಗೆ ಹಿಡಿದ ಅಪ್ಪನಿಗೂ ಅಷ್ಟೇ. ಬಾಗಿಲಲ್ಲೇ ನಿಂತು “ಮಾತ್ರೆ ತಗೊಂಡ್ರಾ?” ಎಂದು ಕೇಳಿ ಹೊರಟುಬಿಡುತ್ತೇವೆ. ಅವರಿಗೆ ಬೇಕಾದದ್ದು ಮಾತ್ರೆಯಷ್ಟೇ ಅಲ್ಲ, ಹತ್ತಿರ ಕುಳಿತ ಮಗ. ಮಾತಿಲ್ಲದೆ ಅವರ ಕೈಹಿಡಿದು ಹತ್ತು ನಿಮಿಷ ಕೂರಬಲ್ಲವನಿಗೆ ಪರಮಪ್ರಸಾದದ ಮುಂದೆ ಕೂರುವುದೂ ಕಷ್ಟವಾಗದು. ಎರಡೂ ಕಡೆ ಕೇಳಿಬರುವುದು ಒಂದೇ: ನಾನಿದ್ದೇನೆ.

ಸೇತುವೆ ಬಂದದ್ದು ನ್ಯಾಯವೇ. ಆದರೆ ಈಗ ನಮ್ಮನ್ನು ಯಾರೂ ದಡದಲ್ಲಿ ನಿಲ್ಲಿಸುವುದಿಲ್ಲ; ನಾವೇ ನಿಲ್ಲಬೇಕು. ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಏನನ್ನೂ ಬೇಡದೆ ಕುಳಿತುಕೊಳ್ಳಿ. ಮನಸ್ಸು ಎಲ್ಲೆಲ್ಲೋ ಓಡೀತು, ಓಡಲಿ, ಏಳಬೇಡಿ. ನೀವು ಬಹಳ ದಿನದಿಂದ ತಪ್ಪಿಸಿಕೊಂಡು ತಿರುಗುತ್ತಿರುವ ಒಬ್ಬರ ಮುಖ ಕಣ್ಣ ಮುಂದೆ ಬಂದರೆ ಅದನ್ನು ದೂಡಬೇಡಿ. ನಾಳೆ ಅವರ ಮನೆಗೆ ಹೋಗಿ ಬನ್ನಿ.