ಕಾಗದವಿಲ್ಲದ ಮಾಷ್ಟ್ರು

ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ನಾನು 19 ವರ್ಷ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಿದೆ. ಹಗಲು ಗುಮಾಸ್ತಿಕೆ, ರಾತ್ರಿ ಪಾಠ. ಹೋಟೆಲಿನಲ್ಲಿ ಲೋಟ ತೊಳೆದು ಬರುತ್ತಿದ್ದ ಕುಂದಾಪುರ ಕಡೆಯ ಹುಡುಗರು 'ಮಾಷ್ಟ್ರೇ' ಅಂತಿದ್ದರು. ಬಿ.ಎಡ್. ಆಗಿದೆಯಾ ಅಂತ ಒಬ್ಬನೂ ಕೇಳಲಿಲ್ಲ.

2016ರಲ್ಲಿ, 58ಕ್ಕೆ ನಿವೃತ್ತನಾದೆ. ಮಗಳ ಮದುವೆಯ ಸಾಲವಿತ್ತು. ಕೊಲ್ಲಿ ನಾಡಿನ ಭಾರತೀಯ ಶಾಲೆಯೊಂದಕ್ಕೆ ಅರ್ಜಿ ಹಾಕಿದೆ. ಬಿ.ಎಡ್. ಇಲ್ಲವೆಂದು ಬದಿಗಿಟ್ಟರು. 2015ರಲ್ಲಿ ಆ ಕೋರ್ಸು ಎರಡು ವರ್ಷದ್ದಾಗಿತ್ತು. ಸೇರಿದರೆ ಮುಗಿಯುವಾಗ ನನಗೆ 60.

ಏಜೆಂಟನೊಬ್ಬ ದಾರಿ ತೋರಿಸಿದ: "ಸರ್ಟಿಫಿಕೇಟು ಮಾಡಿಸಿ ಕೊಡುವಾ ಸಾರ್, ಹಳೇ ತಾರೀಕಿನದ್ದೇ ಸಿಗ್ತದೆ."

ಎರಡು ರಾತ್ರಿ ನಿದ್ದೆಯಿಲ್ಲ. ನನಗೆ ಕಲಿಸಲು ಬರುವುದಂತೂ ನಿಜ. ಆ ನಿಜಕ್ಕೆ ಒಂದು ಸುಳ್ಳು ಕಾಗದ ಅಂಟಿಸಿದರೆ ತಪ್ಪೇನು?

ಆಮೇಲೆ ಹೊಳೆಯಿತು. ನನ್ನ ಹುಡುಗರು ಬೆಳೆದವರು. ಪಾಠ ಹಿಡಿಸದಿದ್ದರೆ ಮರುದಿನ ಬರುತ್ತಿರಲಿಲ್ಲ. ಅವರ ಹಾಜರಿಯೇ ನನ್ನ ಪರೀಕ್ಷೆಯಾಗಿತ್ತು. ಆರು ವರ್ಷದ ಮಗು ಹಾಗೆ ಎದ್ದು ಹೋಗಲಾರದು. ಅದರ ಪರವಾಗಿ ಯಾರಾದರೂ ಮೊದಲೇ ವಿಚಾರಿಸಬೇಕು, ಕಾಗದ ಇರುವುದು ಅದಕ್ಕೆ. ಸುಳ್ಳು ಹೇಳಿ ನಾನು ತೆರೆದ ಬಾಗಿಲಲ್ಲಿ ನಾಳೆ ಕಲಿಸಲು ಬಾರದವನೂ ನುಗ್ಗುತ್ತಾನೆ. ಬೇಡ ಅಂದೆ.

ಆದರೂ ಬೇಸರ ಹೋಗಿಲ್ಲ. ತರಗತಿಯಲ್ಲಿ ಒಂದು ಗಂಟೆ ನಿಲ್ಲಿಸಿ ನೋಡಬಹುದಿತ್ತಲ್ಲ?

ಸಾಲವನ್ನು ಊರಿನ ತೋಟದ ಒಂದು ತುಂಡು ಮಾರಿ ತೀರಿಸಿದೆ. ತೋಟವಿತ್ತು, ಹಾಗಾಗಿ ಪ್ರಾಮಾಣಿಕನಾದೆ ಅಂತ ನೀವು ಅನ್ನಬಹುದು. ತೋಟವೂ ಇಲ್ಲದವನು ಬಂದು ಕೇಳಿದರೆ ಏನು ಹೇಳಲಿ? ನನಗಿನ್ನೂ ಗೊತ್ತಾಗಿಲ್ಲ.