1938ರ ಇನ್ನೊಂದು ಗೆಲುವು

ಶಿವಪುರದ ಕಥೆಯನ್ನು ಮದ್ದೂರು ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು. ಸರ್ಕಾರ ಬಾವುಟ ಹಾರಿಸಕೂಡದು ಅಂದಿತು, ಜನ ಹಾರಿಸಿಯೇ ತೀರಿದರು. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಬಸ್ಸು ಮದ್ದೂರು ದಾಟುವಾಗ ಸತ್ಯಾಗ್ರಹ ಸೌಧ ಕಾಣುತ್ತದೆ. ಕಿಟಕಿ ಪಕ್ಕ ಕೂತ ಅಜ್ಜಂದಿರು ಮೊಮ್ಮಕ್ಕಳಿಗೆ ಈಗಲೂ ಕೈ ಮಾಡಿ ತೋರಿಸುತ್ತಾರೆ. ನಮ್ಮ ಮಂಡ್ಯ ಜಿಲ್ಲೆ ತನ್ನದೆಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿ ಅದು, ಹೇಳಿಕೊಳ್ಳಬೇಕಾದ್ದೇ.

ಅದೇ 1938ರಲ್ಲಿ ಇದೇ ಮೈಸೂರು ಸೀಮೆಯಲ್ಲಿ ಬೆಳೆದ ಒಂದು ಫುಟ್‌ಬಾಲ್ ತಂಡ ಬೊಂಬಾಯಿಗೆ ಹೋಯಿತು. ರೋವರ್ಸ್ ಕಪ್ಪಿನ ಫೈನಲ್‌ನಲ್ಲಿ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಬ್ರಿಟಿಷ್ ದಂಡಿನ ತಂಡವನ್ನು ಸೋಲಿಸಿ ಕಪ್ಪು ತಂದಿತು. ಅದಕ್ಕೂ ಹಿಂದಿನ ವರ್ಷ, 1937ರಲ್ಲಿ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು 1-0ರಿಂದ ಸೋಲಿಸಿ ಅದೇ ಕಪ್ಪನ್ನು ಗೆದ್ದಿತ್ತು. ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಅಲ್ಲಿಂದ ನಾಲ್ಕೂವರೆ ದಶಕ ದಂಡಿನ ತಂಡಗಳ ಕೈಯಲ್ಲೇ ಸುತ್ತುತ್ತಿದ್ದ ಆ ಕಪ್ಪು ಮೊದಲ ಸಲ ಭಾರತೀಯರ ಕೈಗೆ ಬಂದದ್ದು ಈ ತಂಡದಿಂದ. ಹೆಸರು ಬೆಂಗಳೂರು ಮುಸ್ಲಿಂಸ್.

ಇದಕ್ಕೊಂದು ಸೌಧ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಸೌಧಗಳು ಬೇಕಾದಷ್ಟಿವೆ. ಒಂದು ಗೆಲುವು ಎಲ್ಲರದೂ ಆಗುವುದು, ಇನ್ನೊಂದು ‘ಅವರ ಪಾಡಿಗೆ ಅವರದು’ ಆಗಿ ಉಳಿಯುವುದು ಹೇಗೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಈ ಪ್ರಶ್ನೆ ಎದ್ದದ್ದು ಟರ್ಕಿಯ ಒಂದು ಕ್ಲಬ್ಬಿನ ಕಥೆ ಓದುವಾಗ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಸ್ತಾಂಬುಲ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದವರು ಇಂಗ್ಲಿಷರು, ಗ್ರೀಕರು. ತುರ್ಕರ ಹುಡುಗರು ನಾಲ್ಕು ಜನ ಒಂದೆಡೆ ಸೇರಿದರೆ ಸುಲ್ತಾನ್ ಅಬ್ದುಲ್ ಹಮೀದನ ಗೂಢಚಾರರಿಗೆ ಅನುಮಾನ. 1903ರಲ್ಲಿ ಶುರುವಾದ ಬೆಶಿಕ್ತಾಶ್ ಮೊದಲಿಗೆ ಫುಟ್‌ಬಾಲ್ ಕ್ಲಬ್ಬೇ ಅಲ್ಲ, ಕುಸ್ತಿ, ಕಸರತ್ತು, ಭಾರ ಎತ್ತುವ ಹುಡುಗರ ಕೂಟ. ನಮ್ಮ ಕಡೆಯ ಗರಡಿಯವರು ಕಂಡಿದ್ದರೆ ಅಲ್ಲಿನ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರೋ ಏನೋ. 1905ರಲ್ಲಿ ಅಲಿ ಸಾಮಿ ಎಂಬ ವಿದ್ಯಾರ್ಥಿ ಶಾಲೆಯ ಗೆಳೆಯರನ್ನು ಕಟ್ಟಿಕೊಂಡು ಗಲತಾಸರಾಯ್ ಶುರುಮಾಡಿದ. ಇಂಗ್ಲಿಷರ ಹಾಗೆ ಒಟ್ಟಾಗಿ ಆಡಬೇಕು, ನಮಗೂ ಒಂದು ಬಣ್ಣ, ಒಂದು ಹೆಸರು ಇರಬೇಕು, ತುರ್ಕರಲ್ಲದವರ ತಂಡಗಳನ್ನು ಸೋಲಿಸಬೇಕು ಎಂಬುದು ಆ ಹುಡುಗರ ಹಂಬಲವಾಗಿತ್ತು. ಎರಡು ವರ್ಷ ಕಳೆದು 1907ರಲ್ಲಿ ಫೆನರ್ಬಾಚೆ ಬಂತು. ಈ ಮೂರರ ನಡುವಿನ ಜಿದ್ದು ಇವತ್ತಿಗೂ ಆ ಊರನ್ನು ಆಳುತ್ತಿದೆ.

ಮೊದಲ ಮಹಾಯುದ್ಧದಲ್ಲಿ ಟರ್ಕಿ ಸೋತಿತು. ಬ್ರಿಟಿಷರೂ ಅವರ ಮಿತ್ರರೂ ಇಸ್ತಾಂಬುಲ್‌ನಲ್ಲಿ ಬೀಡುಬಿಟ್ಟರು. ಆ ವರ್ಷಗಳಲ್ಲಿ ಫೆನರ್ಬಾಚೆ ದಂಡಿನ ತಂಡಗಳ ಮೇಲೆ ಪಂದ್ಯದ ಮೇಲೆ ಪಂದ್ಯ ಆಡಿತು, ಬಹುಪಾಲು ಗೆದ್ದಿತು. ಕೊನೆಗೆ ಊರು ಬಿಟ್ಟು ಹೊರಡುವ ಮುಂಚೆ ಬ್ರಿಟಿಷ್ ಜನರಲ್ ಹ್ಯಾರಿಂಗ್ಟನ್ ಒಂದು ದೊಡ್ಡ ಕಪ್ಪು ಇಟ್ಟು ಸವಾಲು ಹಾಕಿದ. 1923ರ ಜೂನ್ 29ರಂದು ತಕ್ಸಿಮ್‌ನಲ್ಲಿ ಪಂದ್ಯ. ಗಾರ್ಡ್ಸ್ ಪಡೆಗಳಿಂದ ಆರಿಸಿ ತಂದ ತಂಡ ಮೊದಲ ಗೋಲು ಹೊಡೆಯಿತು. ಆಮೇಲೆ ಜೆಕಿ ರಿಜಾ ಎಂಬಾತ ಎರಡು ಗೋಲು ಹೊಡೆದ. 2-1. ತಿಂಗಳೊಪ್ಪತ್ತಿನಲ್ಲಿ ಲೊಸಾನ್ ಒಪ್ಪಂದಕ್ಕೆ ಸಹಿ ಬಿತ್ತು, ಅಕ್ಟೋಬರ್‌ಗೆ ಪರದೇಶದ ದಂಡು ಹಡಗು ಹತ್ತಿತು. ಗೋಲಿನಿಂದ ದಂಡು ಹೋಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅನತೋಲಿಯದಲ್ಲಿ ಹರಿದ ರಕ್ತದಿಂದ ಹೋಯಿತು. ಆದರೂ ಜನ ನೆನಪಿಟ್ಟುಕೊಂಡದ್ದು ಗೋಲನ್ನು. ನೂರು ವರ್ಷ ಕಳೆದರೂ ಆ ಕಪ್ಪು ಅವರಿಗೆ ದೇವರ ಒಡವೆ.

ಇಷ್ಟೇ ಆಗಿದ್ದರೆ ಚೆಂದದ ಕಥೆ. ಆದರೆ ಅದೇ 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಇಸ್ತಾಂಬುಲ್ ಬಿಟ್ಟು ಹೋಗಿ ನೆಲೆತಪ್ಪಿದ ಗ್ರೀಕರು ಅಥೆನ್ಸ್‌ನಲ್ಲಿ 1924ರಲ್ಲಿ ಎಇಕೆ ಎಂಬ ಕ್ಲಬ್ ಕಟ್ಟಿದರು. ಅದರ ಹೆಸರಿನಲ್ಲಿ ಇಸ್ತಾಂಬುಲ್‌ನ ಹಳೆಯ ಹೆಸರಾದ ಕಾನ್‌ಸ್ಟಾಂಟಿನೋಪಲ್ ಇದೆ, ಲಾಂಛನದಲ್ಲಿ ಎರಡು ತಲೆಯ ಹದ್ದು ಇದೆ. ಮೈಸೂರಿನ ಗಂಡಭೇರುಂಡ ಕಂಡು ಬೆಳೆದ ನಮಗೆ ಆ ಹದ್ದು ಪರಕೀಯ ಅನ್ನಿಸುವುದಿಲ್ಲ. ಒಂದೇ ಊರಿನ ಬೀದಿಗಳಲ್ಲಿ ಚೆಂಡು ಒದ್ದವರಲ್ಲಿ ಕೆಲವರಿಗೆ ಆ ವರ್ಷ ಹಬ್ಬ, ಕೆಲವರಿಗೆ ಗಂಟುಮೂಟೆ. ಆಳುವವನನ್ನು ಸೋಲಿಸಿದ ಸಂಭ್ರಮದಲ್ಲಿ ಪಕ್ಕದ ಮನೆಯವನು ಯಾವಾಗ ಎದುರು ಪಾಳೆಯಕ್ಕೆ ಸೇರಿಹೋದ ಎಂಬುದು ಗೆದ್ದವರ ಕಣ್ಣಿಗೆ ಬೀಳುವುದಿಲ್ಲ.

ಟರ್ಕಿಯೂ ನಮಗೆ ತೀರ ದೂರದ್ದಲ್ಲ. ನಮ್ಮ ಶ್ರೀರಂಗಪಟ್ಟಣದಿಂದಲೇ ಟಿಪ್ಪು 1786ರಲ್ಲಿ ಗುಲಾಂ ಅಲಿ ಖಾನನ ಮುಂದಾಳುತನದಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ರಾಯಭಾರಿಗಳನ್ನು ಕಳಿಸಿದ್ದ. ಜೊತೆಗೆ ಹೋದ ನೂರಾರು ಜನರಲ್ಲಿ ಬಹುಮಂದಿ ರೋಗಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತರು, ಕೇಳಿದ ದಂಡಿನ ನೆರವೂ ಸಿಗಲಿಲ್ಲ. 1798ರಲ್ಲಿ ಸುಲ್ತಾನ್ ಸಲೀಮನೇ ಕಾಗದ ಬರೆದು ಫ್ರೆಂಚರ ಸಹವಾಸ ಬಿಡು, ಇಂಗ್ಲಿಷರೊಂದಿಗೆ ರಾಜಿಯಾಗು ಎಂದ. ಅವನಿಗೆ ಆಗ ನೆಪೋಲಿಯನ್ನನ ಕಾಟ, ಇಂಗ್ಲಿಷರ ಸ್ನೇಹ ಬೇಕಿತ್ತು. ಮರುವರ್ಷ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆ ಸೋತಿತು, ಮೇ 4ಕ್ಕೆ ಪಟ್ಟಣವೂ ಬಿತ್ತು. ಒಂದೇ ಮತದವರೆಂದು ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಮತವನ್ನು ನೋಡಿ ಗೆಳೆಯನನ್ನೂ ಹಗೆಯನ್ನೂ ಗುರುತಿಸಬಹುದೆಂದು ನಂಬುವವರು ಮಳವಳ್ಳಿ ಬಯಲಿನ ಈ ಕಥೆಯನ್ನು ಒಂದು ಸಲ ಓದಿಕೊಳ್ಳಬೇಕು.

ಬೆಂಗಳೂರು ಮುಸ್ಲಿಂಸ್ ಗೆಲುವೂ ನಮ್ಮದೇ ಎಂಬ ಮಾತನ್ನು ಮಂಡ್ಯದ ಸ್ನೇಹಿತರೊಬ್ಬರ ಮುಂದೆ ಆಡಿದೆ. ಅವರು ಕಬಡ್ಡಿ ಆಡಿ ಮೊಣಕಾಲು ಸವೆಸಿಕೊಂಡವರು, ಸುತ್ತಿ ಬಳಸಿ ಮಾತಾಡುವವರಲ್ಲ. ‘ಅಲ್ಲಾ ಸ್ವಾಮಿ, ಹೆಸರಲ್ಲೇ ಮುಸ್ಲಿಂಸ್ ಅಂತ ಇಟ್ಕೊಂಡವ್ರೆ. ಅದು ಅವ್ರ ತಂಡ. ನಾವು ನಮ್ದು ಅಂತ ಹೆಂಗೆ ಅನ್ನೋದು?’ ಎಂದರು.

ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಜಾತಿ ಮತದ ಹೆಸರಿನ ತಂಡಗಳು ಆ ಕಾಲದ ಕಾಯಿಲೆ. ಬೊಂಬಾಯಿಯ ಕ್ರಿಕೆಟ್ಟಿನಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯೂರೋಪಿಯನ್ನರು ಬೇರೆಬೇರೆಯಾಗಿ ಆಡುತ್ತಿದ್ದರು. 1937ರಲ್ಲಿ ಐದನೆಯ ತಂಡವೂ ಸೇರಿತು. ಗಾಂಧೀಜಿಗೆ ಅದು ಹಿಡಿಸಲಿಲ್ಲ, 1946ಕ್ಕೆ ಆ ಪಂದ್ಯಾವಳಿ ನಿಂತೇಹೋಯಿತು. ನಿಂತದ್ದು ಒಳ್ಳೆಯದಾಯಿತು. ಆದರೆ ಆ ಹಿಂದೂ ತಂಡದ ಪರ ಆಡಿದ ಸಿ.ಕೆ. ನಾಯುಡು ಅವರನ್ನು ಯಾರೂ ಇವತ್ತು ‘ಅವರ ಪಾಡಿಗೆ ಅವರು’ ಅನ್ನುವುದಿಲ್ಲ, ದೇಶದವರೆಲ್ಲ ನಮ್ಮವರೆನ್ನುತ್ತಾರೆ. ಅನ್ನಬೇಕಾದ್ದೇ. ಒಂದು ಹೆಸರನ್ನು ಕಾಲದ ದೋಷವೆಂದು ಮನ್ನಿಸಿ, ಇನ್ನೊಂದು ಹೆಸರನ್ನು ಬೇಲಿಯೆಂದು ನೋಡುವುದಾದರೆ ತಪ್ಪು ಹೆಸರಿನದಲ್ಲ.

ಇನ್ನೊಂದು ಸಂಗತಿ ಸ್ನೇಹಿತರಿಗೆ ಗೊತ್ತಿರಲಿಲ್ಲ. 1948ರಲ್ಲಿ, ದೇಶ ಎರಡಾಗಿ ಊರೂರುಗಳು ಹೊತ್ತಿ ಉರಿದ ಮರುವರ್ಷ, ಗಾಂಧೀಜಿಯನ್ನು ಕೊಂದ ವರ್ಷ, ಅದೇ ಬೆಂಗಳೂರು ಮುಸ್ಲಿಂಸ್ ಬೊಂಬಾಯಿಯಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮೂರನೆಯ ಸಲ ರೋವರ್ಸ್ ಕಪ್ ಗೆದ್ದಿತು. ಆ ವರ್ಷ ಆ ಹೆಸರಿನ ಅಂಗಿ ತೊಟ್ಟು ಮೈದಾನಕ್ಕೆ ಇಳಿಯಲು ಎಷ್ಟು ಗಟ್ಟಿ ಎದೆ ಬೇಕಿತ್ತು ಯೋಚಿಸಿ. ಎದುರು ಆಡಿದವರೂ ಆಡಿದರು, ಕಪ್ಪು ಗೆದ್ದವರ ಕೈಸೇರಿತು. ಅದೇ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಹುಡುಗರಿದ್ದರು. ಫ್ರಾನ್ಸ್ ಮೇಲೆ ಭಾರತದ ಒಂದೇ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಜೊತೆಯಲ್ಲಿ ಆಡಿದವರು ಅಹ್ಮದ್ ಖಾನ್. ತಂಡದ ಬಹುಪಾಲು ಜನ ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2-1ರಲ್ಲಿ ಸೋತರೂ ನೋಡಿದವರು ಮೆಚ್ಚಿದರು. ಅಹ್ಮದ್ ಖಾನ್ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಬಂಗಾಳಿಗಳು ಅವರನ್ನೂ ಬೆಂಗಳೂರಿನವರೇ ಆದ ಧನರಾಜ್ ಅವರನ್ನೂ ಸೇರಿಸಿ ಐವರು ಮುನ್ನಡೆ ಆಟಗಾರರಿಗೆ ಪಂಚಪಾಂಡವರು ಎಂದು ಹೆಸರಿಟ್ಟರು. ಆ ಐವರಲ್ಲಿ ಅಹ್ಮದ್ ಖಾನ್, ಸಾಲೇ ಇಬ್ಬರು ಮುಸ್ಲಿಮರು. ಪಾಂಡವರಲ್ಲಿ ಯಾರ ಮತ ಯಾವುದೆಂದು ಕಲ್ಕತ್ತೆಯ ಗ್ಯಾಲರಿ ಕೇಳಲಿಲ್ಲ. ದೇಶವಿಭಜನೆಯಲ್ಲಿ ಪೂರ್ವ ಬಂಗಾಳದಿಂದ ಮನೆಮಠ ಕಳಕೊಂಡು ಬಂದವರೇ ಆ ಗ್ಯಾಲರಿಯಲ್ಲಿ ತುಂಬಿದ್ದರು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಈ ಹಿರಿಮೆಯನ್ನೆಲ್ಲ ಕಲ್ಕತ್ತೆ ಜೋಪಾನ ಮಾಡಿತು. 2017ರಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡಾಗ ಬಂಗಾಳದವರು ಮರುಗಿದಷ್ಟು ನಾವು ಮರುಗಲಿಲ್ಲ. ಮಂಡ್ಯದಲ್ಲಿ ಫುಟ್‌ಬಾಲ್ ಕಡಿಮೆ ಎಂಬುದು ಒಪ್ಪತಕ್ಕ ನೆಪ. ನಮ್ಮದು ಕಬಡ್ಡಿ, ಕುಸ್ತಿ, ಟೆನಿಸ್ ಬಾಲ್ ಕ್ರಿಕೆಟ್ಟಿನ ಸೀಮೆ. ಆದರೂ ಮೆಸ್ಸಿ, ರೊನಾಲ್ಡೊ ಅಂಗಿಗಳು ಮಳವಳ್ಳಿ ಸಂತೆಯವರೆಗೂ ಬಂದಿವೆ. ಫುಟ್‌ಬಾಲ್ ಬೇಡವಾಗಿಲ್ಲ. ಸಾವಿರಾರು ಮೈಲಿ ಆಚೆಯವನ ಹೆಸರನ್ನು ಬೆನ್ನ ಮೇಲೆ ಬರೆಸಿಕೊಳ್ಳಲು ಹಿಂಜರಿಯದ ಹುಡುಗರು, ನೂರು ಕಿಲೋಮೀಟರ್ ಆಚೆಯ ತಂಡದ ಗೆಲುವೊಂದನ್ನು ಕೇಳಿಯೇ ಇಲ್ಲ. ಅದು ಹುಡುಗರ ತಪ್ಪಲ್ಲ, ಕೇಳಿಸಬೇಕಾದವರು ನಾವು.

ಶಿವಪುರಕ್ಕೆ ಮತ್ತೆ ಬಂದರೆ, ಆ ಕಥೆಯ ಕೊನೆ ನನಗೆ ಆರಂಭಕ್ಕಿಂತ ಇಷ್ಟ. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಆಮೇಲೆ ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲ್ಲರೂ ಕೂತು ಮಾತಾಡಿದರು. ಕಾಂಗ್ರೆಸ್ ಬಾವುಟವನ್ನು ಮೈಸೂರಿನ ಬಾವುಟದ ಜೊತೆಜೊತೆಗೇ ಹಾರಿಸಬಹುದು ಎಂದಾಯಿತು. ಒಂದನ್ನು ಏರಿಸಲು ಇನ್ನೊಂದನ್ನು ಇಳಿಸಬೇಕಾಗಲಿಲ್ಲ. ಇದನ್ನು ಸೋಲು ಅಂದವರೂ ಇದ್ದಿರಬೇಕು, ನನಗಂತೂ ಅದು ಗೆಲುವೇ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಬಳಿಕ ಎಂದು ಪತ್ರಿಕೆಗಳು ಬರೆದವು. 1968–69ರಲ್ಲಿ ಬಂಗಾಳವನ್ನು ಸೋಲಿಸಿದ ಮೈಸೂರು ತಂಡದಿಂದ ಎಣಿಸಿದ ಲೆಕ್ಕ ಅದು, ಸಂತೋಷ್ ಟ್ರೋಫಿಯ ಮಟ್ಟಿಗೆ ಸರಿಯಾದದ್ದೇ. ಪೇಪರನ್ನು ಮಡಚಿ ಸ್ನೇಹಿತರ ಕೈಗೆ ಕೊಟ್ಟು, ಈ ನಾಡಿನ ಫುಟ್‌ಬಾಲ್ ಗೆಲುವನ್ನು ಎಣಿಸುವಾಗ ನಾನು 1937ರಿಂದ ಶುರುಮಾಡುತ್ತೇನೆ ಅಂದೆ. ಅವರು ಮೊಣಕಾಲು ನೀವಿಕೊಳ್ಳುತ್ತಾ ಅಂದರು: ‘ಹಂಗಾದ್ರೆ ಶಿವಪುರಕ್ಕಿಂತ ಒಂದು ವರ್ಷ ಮುಂಚೇನೆ ಗೆದ್ದವ್ರೆ ಅನ್ನಿ.’