ಹುಟ್ಟು ಒಬ್ಬರದು, ಹೆಸರು ಮತ್ತೊಬ್ಬರದು

ಬೆಂಗಳೂರು ಮೂಲದ ಅನನ್ಯಾ ಪ್ರಸಾದ್ ಎಂಬ ಯುವತಿ 2024ರ ಡಿಸೆಂಬರಿನಲ್ಲಿ ಕೆನರಿ ದ್ವೀಪಗಳಿಂದ ಒಬ್ಬರೇ ದೋಣಿಯಲ್ಲಿ ಹೊರಟು, ಸುಮಾರು ಮೂರು ಸಾವಿರ ಮೈಲಿ ಹುಟ್ಟು ಹಾಕಿ, 52 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ವೆಸ್ಟ್ ಇಂಡೀಸಿನ ಆಂಟಿಗ್ವಾ ತಲಪಿದ ಸುದ್ದಿಯನ್ನು ನಮ್ಮ ಓದುಗರಲ್ಲಿ ಅನೇಕರು ಸಂತೋಷದಿಂದ ಓದಿರಬೇಕು. ಇವರು ಕವಿ ಜಿ. ಎಸ್. ಶಿವರುದ್ರಪ್ಪನವರ ಮೊಮ್ಮಗಳು ಎಂದು ತಿಳಿದಾಗ ಆ ಸಂತೋಷ ಇಮ್ಮಡಿಯಾಗಿರಬೇಕು. ಈ ಯಾನದ ನೆಪದಲ್ಲಿ ಅವರು ಕೂಡಿಸಿದ ಹಣದಲ್ಲಿ ಒಂದು ಪಾಲು ಚಾಮರಾಜನಗರದ ದೀನಬಂಧು ಸಂಸ್ಥೆಗೂ ಸಲ್ಲುವಂತಿತ್ತು.

ಆದರೆ ಇಂಥ ಯಾನಗಳ ಚಿತ್ರಗಳನ್ನು ನೋಡುವಾಗಲೆಲ್ಲ ಒಂದು ಸಂಗತಿ ನಮ್ಮ ಕಣ್ಣಿಗೆ ಬೀಳುತ್ತದೆ. ದೋಣಿಯ ಮೈ ತುಂಬ ಕಂಪನಿಗಳ ಹೆಸರು, ಹುಟ್ಟು ಹಾಕುವವರ ಅಂಗಿಯ ಮೇಲೂ ಅದೇ. ಸಮುದ್ರದ ನಡುವೆ ಆ ಹೆಸರುಗಳನ್ನು ಓದುವವರು ಯಾರು? ಮೀನುಗಳಲ್ಲ, ದಡದಲ್ಲಿರುವ ನಾವು. ಅಂದಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಬೇರೆಯವರ ಹಣದಿಂದ ಮಾಡಿದ ಸಾಹಸ ಯಾರದು? ಹಣ ಕೊಟ್ಟವನಿಗೆ ಅದರಲ್ಲಿ ಎಷ್ಟು ಹಕ್ಕು?

ಇದು ಈ ಕಾಲದ ಕೆಡುಕು ಎಂದು ನಿಟ್ಟುಸಿರು ಬಿಡುವವರು ಇತಿಹಾಸವನ್ನು ಸ್ವಲ್ಪ ನೋಡಬೇಕು. ಅಟ್ಲಾಂಟಿಕ್ ಸಾಗರವನ್ನು ಮೊದಲು ಹುಟ್ಟಿನಿಂದ ದಾಟಿದವರು ಜಾರ್ಜ್ ಹಾರ್ಬೊ ಮತ್ತು ಫ್ರಾಂಕ್ ಸ್ಯಾಮುಯೆಲ್ಸನ್ ಎಂಬ ನಾರ್ವೆ ಮೂಲದ ಇಬ್ಬರು ಬಡ ಶ್ರಮಿಕರು. ಅಮೆರಿಕದ ಕರಾವಳಿಯಲ್ಲಿ ಚಿಪ್ಪುಮೀನು ತೆಗೆದು ಬದುಕುತ್ತಿದ್ದ ಇವರು 1896ರ ಜೂನ್ 6ರಂದು ನ್ಯೂಯಾರ್ಕಿನಿಂದ 18 ಅಡಿಯ ದೋಣಿಯಲ್ಲಿ ಹೊರಟು 55 ದಿನಗಳಲ್ಲಿ ಇಂಗ್ಲೆಂಡಿನ ಸಿಲಿ ದ್ವೀಪಗಳನ್ನು ಮುಟ್ಟಿದರು. ಆ ದೋಣಿಯ ಹೆಸರು 'ಫಾಕ್ಸ್'. ಅದು ನರಿಯ ಹೆಸರಲ್ಲ. 'ಪೊಲೀಸ್ ಗೆಜೆಟ್' ಎಂಬ ಪತ್ರಿಕೆಯ ಪ್ರಕಾಶಕ ರಿಚರ್ಡ್ ಫಾಕ್ಸನ ಹೆಸರು. ಅವರ ವೇಗದ ದಾಖಲೆ 114 ವರ್ಷ ಉಳಿದು 2010ರಲ್ಲಿ ಮುರಿಯಿತು. ಮುರಿದ ನಾಲ್ವರ ದೋಣಿಯ ಹೆಸರು 'ಆರ್ಟೆಮಿಸ್ ಇನ್ವೆಸ್ಟ್‌ಮೆಂಟ್ಸ್'. ಇದೂ ಒಂದು ಹಣಕಾಸಿನ ಕಂಪನಿಯ ಹೆಸರೇ. ಶತಮಾನ ಕಳೆದರೂ ವ್ಯವಹಾರ ಬದಲಾಗಲಿಲ್ಲ!

ಪ್ರಾಯೋಜಕರನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಇಂದು ಸಾಗರ ದಾಟುವ ದೋಣಿ, ಆಹಾರ, ರೇಡಿಯೋ, ಸ್ಪರ್ಧೆಯ ಶುಲ್ಕ ಎಲ್ಲ ಸೇರಿದರೆ ಹತ್ತಾರು ಸಾವಿರ ಪೌಂಡು ಬೇಕು. ಕೊಡುವವರಿಲ್ಲದಿದ್ದರೆ ಸಾಹಸವೆಂಬುದು ಸಿರಿವಂತರ ಮಕ್ಕಳ ಸೊತ್ತಾಗಿ ಉಳಿಯುತ್ತಿತ್ತು. ಚಿಪ್ಪುಮೀನು ತೆಗೆಯುವವನೂ, ಗುಮಾಸ್ತನ ಮಗಳೂ ಕಡಲಿಗೆ ಇಳಿಯಬಹುದಾದರೆ ಅದಕ್ಕೆ ಈ ಹಣವೂ ಒಂದು ಕಾರಣ. 'ಆ ಹಣವನ್ನು ಬಡವರಿಗೇ ಕೊಡಬಾರದೇ?' ಎನ್ನುವವರಿಗೂ ಉತ್ತರವಿದೆ. ಕಂಪನಿಯ ಜಾಹೀರಾತಿನ ಹಣ ದೋಣಿಗೆ ಹೋಗದಿದ್ದರೆ ಅನ್ನಸತ್ರಕ್ಕೆ ಹೋಗುವುದಿಲ್ಲ, ಮತ್ತೊಂದು ಜಾಹೀರಾತಿಗೆ ಹೋಗುತ್ತದೆ.

ಹಾಗಾದರೆ ತೊಡಕು ಎಲ್ಲಿ? ವ್ಯಾಪಾರವನ್ನು ದಾನವೆಂದು ಕರೆಯುವಲ್ಲಿ ಎಂದು ನಮಗೆ ತೋರುತ್ತದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತಿಫಲ ಬಯಸಿ ಕೊಟ್ಟದ್ದನ್ನು ರಾಜಸವೆಂದು ಬೇರೆಯಾಗಿಟ್ಟಿದೆ. ನಮ್ಮ ಶರಣರು ಇನ್ನೂ ಮುಂದೆ ಹೋಗಿ, 'ನಾನು ಕೊಟ್ಟೆ' ಎಂಬ ಭಾವವೇ ಇಲ್ಲದ ದಾಸೋಹವನ್ನು ಹಿರಿದೆಂದರು. ಕುತೂಹಲದ ಮಾತೆಂದರೆ ನಮ್ಮ ಕಾಯಿದೆಯೂ ಇದೇ ಗೆರೆಯನ್ನು ಎಳೆದಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆದರೆ ಮಾಲಿನ ಮಾರಾಟದ ಲಾಭಕ್ಕಾಗಿ ನೀಡಿದ ಪ್ರಾಯೋಜನೆ ಈ ಲೆಕ್ಕಕ್ಕೆ ಸೇರದು ಎಂದು 2021ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಗೀತೆ ಹೇಳಿದ್ದನ್ನೇ ಗೆಜೆಟ್ಟೂ ಹೇಳಿತು!

ವ್ಯಾಪಾರ ಕೆಟ್ಟದ್ದಲ್ಲ. ಆದರೆ ವ್ಯಾಪಾರದಲ್ಲಿ ಕೊಟ್ಟದ್ದೇನು, ಕೊಂಡದ್ದೇನು ಎಂಬುದು ಸ್ಪಷ್ಟವಿರಬೇಕು. ಕಂಪನಿ ಕೊಂಡದ್ದು ದೋಣಿಯ ಮೈಮೇಲೆ ನಾಲ್ಕು ಅಡಿ ಜಾಗವನ್ನೇ, ಇಲ್ಲವೇ ದೋಣಿಯಲ್ಲಿರುವ ಮನುಷ್ಯನ ಮನಸ್ಸನ್ನೇ? ಈ ಪ್ರಶ್ನೆ ಬರಿಯ ತರ್ಕವಲ್ಲ ಎಂಬುದಕ್ಕೆ ಒಂದು ದಾರುಣ ಉದಾಹರಣೆಯಿದೆ. ಅದು ಹುಟ್ಟಿನ ದೋಣಿಯದಲ್ಲ, ಹಾಯಿದೋಣಿಯದು.

1968ರಲ್ಲಿ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯು ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡುವ ಸ್ಪರ್ಧೆಯನ್ನು ಸಾರಿತು. ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ಸಣ್ಣ ಉದ್ಯಮಿ, ವ್ಯಾಪಾರ ಸೊರಗಿದ್ದರೂ, ಸ್ಟಾನ್ಲಿ ಬೆಸ್ಟ್ ಎಂಬ ಧನಿಕನ ಹಣದಿಂದ ದೋಣಿ ಕಟ್ಟಿಸಿದ. ಯಾನ ಕೈಗೂಡದಿದ್ದರೆ ಆ ದೋಣಿಯನ್ನು ಕ್ರೌಹರ್ಸ್ಟನೇ ಕೊಂಡುಕೊಳ್ಳಬೇಕೆಂಬ ಕರಾರಿತ್ತು. ಅಂದರೆ ಹಿಂದಿರುಗಿದರೆ ದಿವಾಳಿ. ಹೊರಡುವ ಕೊನೆಯ ದಿನವಾದ ಅಕ್ಟೋಬರ್ 31ರಂದು ಅರ್ಧಂಬರ್ಧ ಸಿದ್ಧವಾದ ದೋಣಿಯಲ್ಲಿ ಆತ ಹೊರಟ. ದೋಣಿಯಲ್ಲಿ ನೀರು ಒಸರತೊಡಗಿತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ಸರ್ವನಾಶ. ಆತ ಮೂರನೆಯ ದಾರಿ ಹಿಡಿದ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಎಲ್ಲೋ ದೂರ ಸಾಗಿದ್ದೇನೆಂದು ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳಿಸತೊಡಗಿದ. ಅದನ್ನು ನಂಬಿದ ನೈಜೆಲ್ ಟೆಟ್ಲಿ ಎಂಬ ಪ್ರತಿಸ್ಪರ್ಧಿ, ಕ್ರೌಹರ್ಸ್ಟ್ ತನ್ನ ಬೆನ್ನ ಹಿಂದೆಯೇ ಇದ್ದಾನೆಂದು ದೋಣಿಯನ್ನು ಶಕ್ತಿಮೀರಿ ಓಡಿಸಿದ. ಗುರಿಗೆ ಸಮೀಪವಾಗಿ 1969ರ ಮೇ ತಿಂಗಳಲ್ಲಿ ಆ ದೋಣಿ ಮುಳುಗಿತು, ಟೆಟ್ಲಿಯನ್ನು ಹೇಗೋ ರಕ್ಷಿಸಿದರು. ಜುಲೈ 10ರಂದು ಕ್ರೌಹರ್ಸ್ಟನ ದೋಣಿ ಸಿಕ್ಕಿತು. ಅದರಲ್ಲಿ ಲೆಕ್ಕದ ಪುಸ್ತಕಗಳಿದ್ದವು, ಮನುಷ್ಯನಿರಲಿಲ್ಲ. ಸ್ಪರ್ಧೆ ಮುಗಿಸಿದ ಒಬ್ಬನೇ ಒಬ್ಬ ರಾಬಿನ್ ನಾಕ್ಸ್-ಜಾನ್‌ಸ್ಟನ್, ತನ್ನ 5000 ಪೌಂಡಿನ ಬಹುಮಾನವನ್ನು ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ. ಇಡೀ ಪ್ರಕರಣದಲ್ಲಿ ದಾನವೆಂಬ ಹೆಸರಿಗೆ ತಕ್ಕದ್ದು ಅದೊಂದೇ.

ಧನಿಕ ಬೆಸ್ಟ್ ದುಷ್ಟನೇನಲ್ಲ. ಹಣ ಹೂಡಿದವನು ತನ್ನ ಹಣದ ಭದ್ರತೆ ನೋಡಿಕೊಂಡ, ಅಷ್ಟೆ. ಸುಳ್ಳು ಹೇಳಿದವನು ಕ್ರೌಹರ್ಸ್ಟ್. ಅದರ ಹೊಣೆಯೂ ಅವನದೇ. ಆದರೆ ಕರಾರು ಒಂದು ಕೆಲಸ ಮಾಡಿತು: ಹಿಂದಿರುಗುವ ಹಕ್ಕನ್ನು ಕೊಂಡುಕೊಂಡಿತು. 'ಇನ್ನು ಆಗದು' ಎಂದು ಹೇಳುವ ಸ್ವಾತಂತ್ರ್ಯವೇ ಇಲ್ಲದವನ ಧೈರ್ಯವನ್ನು ಧೈರ್ಯವೆನ್ನಬಹುದೇ? ಅಟ್ಟಿಸಿಕೊಂಡು ಓಡುವವನ ವೇಗವನ್ನು ನಾವು ಓಟದ ಪಂದ್ಯದಲ್ಲಿ ಅಳೆಯುವುದಿಲ್ಲ.

ಇದರಿಂದ ನಮಗೆ ಹೊಳೆಯುವ ಒರೆಗಲ್ಲುಗಳು ಮೂರು. ಮೊದಲನೆಯದು, ಅರ್ಧ ದಾರಿಯಿಂದ ಹಿಂದಿರುಗಿದರೂ ಪಡೆದವನು ತಲೆಯೆತ್ತಿ ನಡೆಯಬಲ್ಲನೇ? ಎರಡನೆಯದು, ಕೊಟ್ಟವನಿಗೆ ಹಿತವಲ್ಲದ ಸತ್ಯವನ್ನೂ ಅವನು ಹೇಳಬಲ್ಲನೇ? ಮೂರನೆಯದು, ಆ ಹೆಸರು ಅವನ ಕೆಲಸಕ್ಕೆ ಒಪ್ಪುತ್ತದೆಯೇ? ಈ ಅಟ್ಲಾಂಟಿಕ್ ಸ್ಪರ್ಧೆಯೇ ಹಲವು ವರ್ಷ 'ಟಾಲಿಸ್ಕರ್ ವಿಸ್ಕಿ'ಯ ಹೆಸರನ್ನು ಹೊತ್ತಿತ್ತು. ನಮ್ಮ ಕ್ರಿಕೆಟ್ ಆಟಗಾರರ ಎದೆಯ ಮೇಲೂ ಒಂದು ಕಾಲದಲ್ಲಿ ಸಿಗರೇಟಿನ ಹೆಸರಿತ್ತು. 2003ರ ಕಾಯಿದೆ ತಂಬಾಕಿನ ಪ್ರಾಯೋಜನೆಯನ್ನು ನಿಷೇಧಿಸಿತು. ಗಟ್ಟಿ ಶ್ವಾಸದ ಆಟಗಾರನು ಶ್ವಾಸ ಕೆಡಿಸುವ ಮಾಲನ್ನು ಸಾರುವುದು ಒಂದು ಬಗೆಯ ಸುಳ್ಳುಸಾಕ್ಷಿಯೇ.

ನಮ್ಮಂಥ ಕೇಂದ್ರ ಸರಕಾರಿ ನೌಕರರಿಗೆ 1964ರ ನಡತೆ ನಿಯಮಗಳು ಉಡುಗೊರೆಯ ವಿಷಯದಲ್ಲಿ ಕಟ್ಟುನಿಟ್ಟಾಗಿವೆ. ಕೊಡುವವರೆಲ್ಲ ಲಂಚಕೋರರೆಂಬ ಅನುಮಾನ ಅದಕ್ಕೆ ಕಾರಣವಲ್ಲ. ಪಡೆದ ಕೈ ಮುಂದೊಂದು ದಿನ ಬರೆಯುವಾಗ ತಡವರಿಸುತ್ತದೆ ಎಂಬ ಲೋಕಾನುಭವ. ದಾನ ಬಂದ ದನದ ಹಲ್ಲು ಎಣಿಸಬಾರದೆಂಬ ಗಾದೆಯಿದೆ ನಿಜ. ಆದರೆ ಬಂದದ್ದು ದಾನವಲ್ಲ, ಸಾಟಿ ವ್ಯಾಪಾರವೆಂದು ತಿಳಿದಮೇಲೆ ಹಲ್ಲು ಎಣಿಸುವುದೇ ವಿವೇಕ.

ಈ ಮಾತು ಸಾಗರ ದಾಟುವವರಿಗೆ ಮಾತ್ರ ಎಂದು ಓದುಗರು ಭಾವಿಸಬಾರದು. ಊರು ಬಿಟ್ಟು ಬಂದ ನಾವು ಕಟ್ಟಿಕೊಂಡ ಸಂಘಗಳೂ ಸಣ್ಣ ದೋಣಿಗಳೇ. ರಾಜ್ಯೋತ್ಸವದ ಸ್ಮರಣ ಸಂಚಿಕೆ ಅಚ್ಚಾಗುವುದು ಜಾಹೀರಾತಿನಿಂದ. ನಾಟಕದ ಪರದೆಯ ಮೇಲೆ ಹೋಟೆಲಿನ ಹೆಸರೋ ಬ್ಯಾಂಕಿನ ಹೆಸರೋ ಇರುತ್ತದೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಹಣ ಕೊಟ್ಟವರಿಗೆ ಪುಟ ಕೊಡೋಣ, ಮೊದಲ ಸಾಲಿನ ಕುರ್ಚಿ ಕೊಡೋಣ, ಹಾರ ಹಾಕಿ ವಂದಿಸೋಣ. ಆದರೆ ಯಾವ ನಾಟಕ ಆಡಬೇಕು, ವೇದಿಕೆಯ ಮೇಲೆ ಯಾರು ಮಾತನಾಡಬೇಕು, ನಮ್ಮ ಮಕ್ಕಳಿಗೆ ಯಾವ ಕನ್ನಡ ಕಲಿಸಬೇಕು ಎಂಬುದನ್ನು ಮಾರಾಟಕ್ಕೆ ಇಡದಿರೋಣ. ದೋಣಿಯ ಮೈಮೇಲೆ ಯಾರ ಹೆಸರಾದರೂ ಇರಲಿ. ಹುಟ್ಟು ಮತ್ತು ಚುಕ್ಕಾಣಿ ಮಾತ್ರ ಒಳಗೆ ಕುಳಿತವರ ಕೈಯಲ್ಲೇ ಇರಬೇಕು.